ಕುರಾಮಾದ ಬೆಂಕಿ ಹಬ್ಬಕ್ಕೆ ಅಮ್ಮನನ್ನು ಕರೆದುಕೊಂಡು ಹೋಗಬಹುದಾ?

ಪ್ರಶ್ನೆ: ತಮ್ಮ ಒಸಾಕಾದಲ್ಲಿ ಕೆಲಸದಲ್ಲಿದ್ದಾನೆ. ಅಕ್ಟೋಬರ್‌ನಲ್ಲಿ ನಾನು ಮತ್ತು ಅಮ್ಮ ಅವನ ಹತ್ತಿರ ಹೋಗುತ್ತಿದ್ದೇವೆ. 22ನೇ ತಾರೀಖು ಕ್ಯೋಟೋ ಹತ್ತಿರದ ಕುರಾಮಾ ಬೆಟ್ಟದಲ್ಲಿ ಶಿಂಟೋ (ಜಪಾನಿನ ಮೂಲ ಧರ್ಮ) ದೇವರ ಬೆಂಕಿ ಹಬ್ಬ ಇದೆಯಂತೆ. ನೋಡಬೇಕೆಂಬ ಆಸೆ. ಆದರೆ ಅಮ್ಮನಿಗೆ 64 ವರ್ಷ, ಮಂಡಿ ನೋವು. ಫೆಬ್ರುವರಿಯಲ್ಲಿ ಅಜ್ಜಿ (ಅಮ್ಮನ ಅತ್ತೆ) ತೀರಿಕೊಂಡರು, ಇನ್ನೂ ವರ್ಷ ತುಂಬಿಲ್ಲ. ದೇವರ ಉತ್ಸವಕ್ಕೆ ಹೋಗಬಹುದಾ ಎಂದು ಅಮ್ಮ ಕೇಳುತ್ತಿದ್ದಾರೆ. ಇದು ನಮ್ಮ ಕಡೆ ಕೊಂಡ ಹಾಯುವ ಹಾಗೆಯೇ ಇರುತ್ತದಾ? ಅದೇ ದಿನ ಮಧ್ಯಾಹ್ನ ಕ್ಯೋಟೋದಲ್ಲಿ ಇನ್ನೊಂದು ದೊಡ್ಡ ಮೆರವಣಿಗೆ ಇದೆಯಂತೆ, ಎರಡನ್ನೂ ನೋಡಬಹುದಾ?

ಉತ್ತರ: ಸೂತಕದ್ದನ್ನು ಮೊದಲು ಹೇಳಿಬಿಡುತ್ತೇನೆ, ಅಮ್ಮ ಕಾಯುತ್ತಿರುತ್ತಾರೆ.

ಜಪಾನಿನಲ್ಲೂ ಸೂತಕ ಇದೆ. ನಮ್ಮಷ್ಟೇ ಗಟ್ಟಿಯಾಗಿ ಇದೆ. ಶಿಂಟೋದಲ್ಲಿ ಸಾವಿನ ಮೈಲಿಗೆಗೆ ‘ಕೆಗಾರೆ’ ಎನ್ನುತ್ತಾರೆ. ಹತ್ತಿರದವರು ತೀರಿಕೊಂಡರೆ ಸಾಮಾನ್ಯವಾಗಿ 50 ದಿನ ದೇವರ ಗುಡಿಯ ಕಡೆ ಹೋಗುವುದಿಲ್ಲ. ಆ ವರ್ಷ ಹೊಸ ವರ್ಷದ ಶುಭಾಶಯದ ಕಾರ್ಡನ್ನೂ ಕಳಿಸುವುದಿಲ್ಲ. ನಿಮ್ಮಜ್ಜಿ ಹೋಗಿ ಎಂಟು ತಿಂಗಳಾಗಿರುತ್ತದೆ. ಅಲ್ಲಿನ ಲೆಕ್ಕದಲ್ಲಿ ನಿಮಗೆ ಅಡ್ಡಿಯಿಲ್ಲ. ನಿಮ್ಮ ಮನೆಯ ಲೆಕ್ಕ ನಿಮ್ಮ ಮನೆಯವರೇ ಹೇಳಬೇಕು.

ಎಲ್ಲ ಕಡೆ ಇಷ್ಟು ಸಡಿಲ ಅಂದುಕೊಳ್ಳಬೇಡಿ. ಫುಜಿ ಪರ್ವತದ ಬುಡದಲ್ಲಿ ಫುಜಿಯೋಶಿದಾ ಎಂಬ ಊರಿದೆ. ಅಲ್ಲಿ ಆಗಸ್ಟ್ 26ರ ರಾತ್ರಿ ಬೀದಿಯುದ್ದಕ್ಕೂ ಆಳೆತ್ತರವನ್ನೂ ಮೀರಿದ ಪಂಜುಗಳನ್ನು ನೆಟ್ಟಗೆ ನಿಲ್ಲಿಸಿ ಹಚ್ಚುತ್ತಾರೆ. ಆ ವರ್ಷ ಸಾವು ಕಂಡ ಮನೆಯವರಿಗೆ ಅಲ್ಲಿ ‘ಬುಕು’ ಎಂದು ಹೆಸರು. ಅವರು ಆ ಬೆಂಕಿಯನ್ನು ಕಣ್ಣಿನಿಂದಲೂ ನೋಡಬಾರದು. ಹಬ್ಬದ ದಿನ ಊರು ಬಿಟ್ಟು ಹೋಗುತ್ತಾರೆ, ಇಲ್ಲವೇ ಬಾಗಿಲು ಹಾಕಿಕೊಂಡು ಒಳಗೇ ಇರುತ್ತಾರೆ. ಇದು ಊರಿನವರು ತಮ್ಮ ಮೇಲೆ ತಾವೇ ಹಾಕಿಕೊಂಡ ನಿಯಮ. ಅಮ್ಮನಿಗೆ ಇದನ್ನು ಹೇಳಿ. ಹೆದರಿಸುವುದಕ್ಕಲ್ಲ. ‘ಅಯ್ಯೋ, ಅವರಲ್ಲೂ ಹೀಗೇನಾ’ ಎಂದು ಆ ಜನ ಅವರಿಗೆ ಸ್ವಲ್ಪ ಹತ್ತಿರವಾಗುತ್ತಾರೆ.

ಇನ್ನು ಕೊಂಡದ ವಿಷಯ. ಕುರಾಮಾದಲ್ಲಿ ಯಾರೂ ಕೆಂಡ ತುಳಿಯುವುದಿಲ್ಲ. ನೀವು ವಿಡಿಯೋದಲ್ಲಿ ಕೆಂಡ ಹಾಯುವ ಜಪಾನಿಯರನ್ನು ನೋಡಿದ್ದರೆ ಅದು ಬೇರೆ ಆಚರಣೆ. ಬೆಟ್ಟಗಳಲ್ಲಿ ತಪಸ್ಸು ಮಾಡುವ ಯಾಮಾಬುಶಿ ಎಂಬ ಸಾಧಕರು ಬಯಲಲ್ಲಿ ದೊಡ್ಡ ‘ಗೋಮಾ’ ಮಾಡಿ, ಕೊನೆಗೆ ಅದರ ಕೆಂಡದ ಮೇಲೆ ನಡೆಯುತ್ತಾರೆ. ಗೋಮಾ ಅಂದರೆ ಬೇರೇನಲ್ಲ, ನಮ್ಮ ಹೋಮ. ಬೌದ್ಧ ಧರ್ಮದ ಜೊತೆ ಚೀನಾ ದಾಟಿ ಹೋಗಿ ಅಲ್ಲಿನ ಬಾಯಲ್ಲಿ ಗೋಮಾ ಆಯಿತು. ಅಲ್ಲಿ ಬೆಂಕಿಗೆ ಆಹುತಿ ಹಾಕುತ್ತಾರೆ, ಬೆಂಕಿಯೇ ದೇವರ ಬಾಯಿ.

ಕುರಾಮಾದ ಬೆಂಕಿಗೆ ಏನನ್ನೂ ಹಾಕುವುದಿಲ್ಲ. ಅದು ದೇವರ ದಾರಿಗೆ ಹಿಡಿಯುವ ದೀವಟಿಗೆ, ಅಷ್ಟೆ. ಈ ವ್ಯತ್ಯಾಸ ತಲೆಯಲ್ಲಿದ್ದರೆ ಆ ರಾತ್ರಿ ಎಲ್ಲಿ ನಿಂತು ಏನು ನೋಡಬೇಕು ಎನ್ನುವುದು ತಾನಾಗಿಯೇ ತಿಳಿಯುತ್ತದೆ.

ಕಥೆ ಇರುವುದು ಹೀಗೆ. 938ರಲ್ಲಿ ಕ್ಯೋಟೋದಲ್ಲಿ ದೊಡ್ಡ ಭೂಕಂಪ. ಮರುವರ್ಷ ಪೂರ್ವದಲ್ಲಿ ತಾಯಿರಾ ನೋ ಮಾಸಾಕಾಡೋ ಎಂಬ ಯೋಧನ ದಂಗೆ. ರಾಜಧಾನಿಗೆ ಉತ್ತರದ ಕಾವಲು ಬೇಕೆಂದು ಸುಝಾಕು ಚಕ್ರವರ್ತಿ ಅರಮನೆಯೊಳಗೆ ಪೂಜೆಗೊಳ್ಳುತ್ತಿದ್ದ ಯುಕಿ ದೇವರನ್ನು 940ರಲ್ಲಿ ಕುರಾಮಾ ಬೆಟ್ಟಕ್ಕೆ ಕಳಿಸಿದ. ಅರಮನೆಯಿಂದ ಬಂದ ಆ ಮೆರವಣಿಗೆ ಒಂದು ಕಿಲೋಮೀಟರ್ ಉದ್ದ ಇತ್ತಂತೆ. ಕಾಮೋ ನದಿಯ ಜೊಂಡನ್ನು ಕಟ್ಟಿ ಪಂಜು ಮಾಡಿ ಹಿಡಿದಿದ್ದರಂತೆ. ಎದುರುಗೊಳ್ಳಲು ನಿಂತ ಹಳ್ಳಿಯವರು ಆ ಸಾಲನ್ನು ನೋಡಿ ಬೆರಗಾದರು. ಅದನ್ನೇ ಪ್ರತಿ ವರ್ಷ ಮತ್ತೆ ಮಾಡುತ್ತ ಬಂದರು. ಅಂದರೆ ಇದು ದೇವರು ಊರಿಗೆ ಬಂದ ರಾತ್ರಿಯ ನೆನಪು.

ಉತ್ತರದ ಕಾವಲು ಅಂದೆನಲ್ಲ, ಅಲ್ಲೊಂದು ಸ್ವಾರಸ್ಯವಿದೆ. ಅದೇ ಬೆಟ್ಟದ ಮೇಲೆ ಕುರಾಮಾ-ದೆರಾ ಎಂಬ ದೊಡ್ಡ ಬೌದ್ಧ ದೇವಸ್ಥಾನ ಮೊದಲೇ ಇತ್ತು. ಅಲ್ಲಿನ ದೇವರುಗಳಲ್ಲಿ ಒಬ್ಬ ಬಿಶಾಮೊಂತೆನ್. ಯಾರು ಗೊತ್ತಾ? ವೈಶ್ರವಣ, ನಮ್ಮ ಕುಬೇರ. ಉತ್ತರ ದಿಕ್ಕಿಗೆ ಕುಬೇರ ಎನ್ನುವ ನಮ್ಮ ವಾಸ್ತುವಿನ ಮಾತು ಅಲ್ಲಿಯೂ ನಡೆಯುತ್ತದೆ. ದೇವಸ್ಥಾನದ ಮುಂದೆ ಕಾವಲಿಗೆ ಸಿಂಹದ ಬದಲು ಹುಲಿ ಕೂತಿರುವುದೂ ಈ ದೇವರ ಲೆಕ್ಕದಲ್ಲೇ. ಯುಕಿ ಗುಡಿ ಈ ದೇವಸ್ಥಾನಕ್ಕೆ ಹೋಗುವ ದಾರಿಯಲ್ಲೇ, ಬೆಟ್ಟದ ಕೆಳಭಾಗದಲ್ಲಿದೆ. ಒಂದೇ ಬೆಟ್ಟದಲ್ಲಿ ಬೌದ್ಧ ದೇವಸ್ಥಾನ, ಶಿಂಟೋ ಗುಡಿ ಎರಡೂ ಇರುವುದು ಜಪಾನಿನಲ್ಲಿ ತೀರಾ ಸಹಜ. 1868ರಲ್ಲಿ ಸರ್ಕಾರ ಆದೇಶ ಹೊರಡಿಸಿ ಬೇರೆ ಬೇರೆ ಮಾಡುವವರೆಗೆ ಇಬ್ಬರದೂ ಒಂದೇ ಸಂಸಾರ ಇದ್ದ ಹಾಗಿತ್ತು.

ನಾನು ಕ್ಯೋಟೋದಲ್ಲಿದ್ದ ವರ್ಷಗಳಲ್ಲಿ ಈ ಹಬ್ಬಕ್ಕೆ ನಾಲ್ಕು ಸಲ ಹೋಗಿದ್ದೇನೆ. ಮೊದಲನೇ ಸಲ ಎಲ್ಲರೂ ಮಾಡುವ ತಪ್ಪನ್ನೇ ಮಾಡಿದೆ. ದೇವಸ್ಥಾನದ ದ್ವಾರದ ಹತ್ತಿರದ ‘ಮುಖ್ಯ ದೃಶ್ಯ’ ನೋಡಬೇಕೆಂದು ಎರಡೂವರೆ ಗಂಟೆ ಜನರ ನಡುವೆ ಸಿಕ್ಕಿಕೊಂಡೆ. ಕೊನೆಗೆ ನೋಡಿದ್ದು ಎದುರಿಗಿದ್ದವನ ಬೆನ್ನುಚೀಲ. ಎರಡನೇ ಸಲ ಬುದ್ಧಿ ಬಂತು.

ಸಂಜೆ ಹೇಗೆ ಸಾಗುತ್ತದೆ ನೋಡಿ. ಅಕ್ಟೋಬರ್ 22ಕ್ಕೆ ಅಲ್ಲಿ ಸುಮಾರು ಐದೂ ಹತ್ತಕ್ಕೇ ಸೂರ್ಯ ಮುಳುಗುತ್ತಾನೆ. ಕುರಾಮಾ ಕಣಿವೆಯ ಊರು, ಬೇಗ ಕತ್ತಲಾಗುತ್ತದೆ. ಒಂದೇ ಒಂದು ಮುಖ್ಯ ಬೀದಿ, ಎರಡು ಕಡೆ ಹಳೇ ಮರದ ಮನೆಗಳು, ಪಕ್ಕದಲ್ಲಿ ಹೊಳೆ. ಆರು ಗಂಟೆಗೆ ಒಬ್ಬರು ಕೂಗಿಕೊಂಡು ಬರುತ್ತಾರೆ: ‘ಶಿಂಜಿ ನಿ ಮಾಯ್ರಾಶ್ಶಾರೆ!’ ದೇವರ ಕಾರ್ಯಕ್ಕೆ ದಯಮಾಡಿಸಿ ಎಂದರ್ಥ. ಮದುವೆಗೆ ಕರೆಯುವಂಥ ಹಳೇ ಮರ್ಯಾದೆಯ ಮಾತು ಅದು. ಆ ಕೂಗು ಕೇಳಿದ ಕೂಡಲೇ ಪ್ರತಿ ಮನೆಯ ಮುಂದೆಯೂ ಜೋಡಿಸಿಟ್ಟ ಸೌದೆಗೆ ಬೆಂಕಿ ಬೀಳುತ್ತದೆ. ಒಂದು ಮನೆ, ಪಕ್ಕದ ಮನೆ, ಅದರ ಪಕ್ಕದ್ದು. ಹತ್ತು ನಿಮಿಷದಲ್ಲಿ ಬೀದಿಗೆ ಬೀದಿಯೇ ಕೆಂಪು.

ನನ್ನನ್ನು ಕೇಳಿದರೆ ಹಬ್ಬದ ಜೀವ ಇರುವುದೇ ಈ ಹೊತ್ತಿನಲ್ಲಿ. ಹಳೇ ಮನೆಗಳವರು ಮುಂಬಾಗಿಲಿನ ಜಾಲಂದರ ತೆಗೆದು, ಅಜ್ಜ ಮುತ್ತಜ್ಜರ ಕಾಲದ ಚಿತ್ರದ ಮಡಚುಪರದೆ, ಯುದ್ಧದ ಕವಚ, ರೇಷ್ಮೆ ಉಡುಪುಗಳನ್ನು ಬೀದಿಗೆ ಕಾಣುವ ಹಾಗೆ ಜೋಡಿಸಿರುತ್ತಾರೆ. ದಸರಾ ಗೊಂಬೆ ಕೂರಿಸಿದ ಮನೆಯ ಮುಂದೆ ಹೋದ ಹಾಗೆ ಅನಿಸುತ್ತದೆ. ಒಂದೇ ವ್ಯತ್ಯಾಸ, ಒಳಗೆ ಹೋಗಬಾರದು. ಹೊಸ್ತಿಲಾಚೆಯಿಂದ ನೋಡಿ, ತಲೆ ಬಾಗಿಸಿ, ಮುಂದೆ ಹೋಗಬೇಕು. ಒಳಗೆ ನೆಂಟರಿಷ್ಟರು ಕೂತು ಊಟ ಮಾಡುತ್ತಿರುತ್ತಾರೆ. ಅವರಿಗೆ ಅದು ಮನೆಯ ಹಬ್ಬ.

ಆಮೇಲೆ ಮಕ್ಕಳು ಹೊರಡುತ್ತಾರೆ. ಮೂರು ನಾಲ್ಕು ವರ್ಷದ ಪುಟಾಣಿಗಳು, ಕೈಯಲ್ಲಿ ಅವರಳತೆಯ ಪುಟ್ಟ ಪಂಜು, ಹಿಂದೆ ಅಪ್ಪನೋ ಅಜ್ಜನೋ. ಅವರ ನಂತರ ಸ್ವಲ್ಪ ದೊಡ್ಡ ಹುಡುಗರು, ಸ್ವಲ್ಪ ದೊಡ್ಡ ಪಂಜು. ಕೊನೆಗೆ ಗಂಡಸರ ಪಂಜು. ಅದರ ಉದ್ದ ನಾಲ್ಕು ಮೀಟರ್ ಹತ್ತಿರ, ತೂಕ 80 ಕಿಲೋ ದಾಟುತ್ತದೆ. ಬೆಟ್ಟದ ಅಸೇಲಿಯಾ ಗಿಡದ ಸಣ್ಣ ಕೊಂಬೆಗಳನ್ನು ಒಟ್ಟುಮಾಡಿ, ಕಾಡುಬಳ್ಳಿಯಿಂದ ಬಿಗಿದು ಕಟ್ಟಿದ್ದು. ಮೇಲ್ಗಡೆ ಅಗಲ, ಕೆಳಗೆ ಸಪೂರ. ಉರಿಯುವ ತುದಿ ಬೆನ್ನ ಹಿಂದೆ ಮೇಲಕ್ಕಿರುತ್ತದೆ, ಹೆಗಲ ಮೇಲೆ ಕಿಡಿ ಉದುರುತ್ತಲೇ ಇರುತ್ತದೆ. ಹೊತ್ತವರ ಮೈಮೇಲೆ ಹೆಚ್ಚು ಬಟ್ಟೆ ಇರುವುದಿಲ್ಲ. ಕಾಲಿಗೆ ಹುಲ್ಲಿನ ಚಪ್ಪಲಿ. ಹೆಜ್ಜೆಗೊಂದು ಕೂಗು: ‘ಸೈರೇಯಾ, ಸೈರ್ಯೋ!’ ಜಪಾನಿಯಲ್ಲಿ ಸೈರೇ ಅಂದರೆ ಹಬ್ಬ. ಹಬ್ಬವೋ, ಹಬ್ಬ ಎಂದು ಸಾರುವುದೇ ಬಾಯಿಂದ ಬಾಯಿಗೆ ಹೋಗಿ ಹೀಗಾಗಿದೆ ಎನ್ನುತ್ತಾರೆ.

ನಮ್ಮಮ್ಮನೂ ಒಂದು ವರ್ಷ ನನ್ನ ಜೊತೆ ಬಂದಿದ್ದರು. ಒಂದು ಮನೆಯ ಮುಂದಿನ ಬೆಂಕಿ ಕಂಡ ಕೂಡಲೇ ಎರಡು ಕೈ ಚಾಚಿ ಮಂಗಳಾರತಿ ತೆಗೆದುಕೊಳ್ಳುವ ಹಾಗೆ ಕಣ್ಣಿಗೊತ್ತಿಕೊಂಡರು. ನನಗೆ ಮುಜುಗರ. ಮೆಟ್ಟಿಲ ಮೇಲೆ ಕೂತಿದ್ದ ಮುದುಕರು ನೋಡಿದರು. ಎದ್ದು ಬಂದು ಸೌದೆಯನ್ನು ಸ್ವಲ್ಪ ಕೆದಕಿ ಉರಿ ಜಾಸ್ತಿ ಮಾಡಿಕೊಟ್ಟರು! ಚಳಿಯಾಗುತ್ತಿದೆ ಅಂದುಕೊಂಡರೋ ಏನೋ. ಅಮ್ಮ ಇನ್ನೊಂದು ಸಲ ತೆಗೆದುಕೊಂಡರು.

ಎಂಟು ಗಂಟೆ ಸುಮಾರಿಗೆ ಊರಿನ ಎಲ್ಲ ಪಂಜುಗಳೂ ದೇವಸ್ಥಾನದ ದ್ವಾರದ ಮೆಟ್ಟಿಲ ಕೆಳಗೆ ಬಂದು ಸೇರುತ್ತವೆ. ಇಕ್ಕಟ್ಟಾದ ಜಾಗ, ಎಲ್ಲೆಲ್ಲೂ ಬೆಂಕಿ, ಡೋಲು, ಕೂಗು. ಅಲ್ಲಿ ಅಡ್ಡ ಕಟ್ಟಿದ ಪವಿತ್ರ ಹಗ್ಗವನ್ನು ಕತ್ತರಿಸುತ್ತಾರೆ. ದಾರಿ ತೆರೆದ ಹಾಗಾಯಿತು. ಆಮೇಲೆ ಮೇಲಿನ ಗುಡಿಯಿಂದ ಎರಡು ಪಲ್ಲಕ್ಕಿಗಳು ಇಳಿದು ಬರುತ್ತವೆ, ಒಂದು ಯುಕಿ ದೇವರದು, ಇನ್ನೊಂದು ಹಾಚಿಮಾನ್ ದೇವರದು. ಪಲ್ಲಕ್ಕಿ ಇಳಿಯುವಾಗ ಮುಂದಿನ ಕೋಲಿಗೆ ಇಬ್ಬರು ಹುಡುಗರು ಕಾಲು ಅಗಲಿಸಿ ತಲೆಕೆಳಗಾಗಿ ಜೋತು ಬೀಳುತ್ತಾರೆ. ಇದಕ್ಕೆ ‘ಚೊಪ್ಪೆನ್’ ಎಂದು ಹೆಸರು. ಹುಡುಗ ಗಂಡಸಾದ ಎನ್ನುವುದಕ್ಕೆ ಊರಿನ ಮುಂದೆ ಹಾಕುವ ಮೊಹರು ಇದು. ಕಡಿದಾದ ಇಳಿಜಾರಿನಲ್ಲಿ ಪಲ್ಲಕ್ಕಿ ಮುನ್ನುಗ್ಗದ ಹಾಗೆ ಹಿಂದಿನಿಂದ ಹಗ್ಗ ಹಿಡಿದು ಎಳೆಯುವವರು ಹೆಂಗಸರು. ಆ ಹಗ್ಗ ಹಿಡಿದರೆ ಹೆರಿಗೆ ಸುಲಭ ಎನ್ನುವ ನಂಬಿಕೆ ಇದೆ. ಯುಕಿ ಗುಡಿಯಲ್ಲಿ ಮರಿಯನ್ನು ಅಪ್ಪಿಕೊಂಡಿರುವ ಕಾವಲು ಸಿಂಹದ ಕಲ್ಲಿನ ಮೂರ್ತಿಯೂ ಇದೆ. ಅಲ್ಲಿಗೂ ಬಸುರಿಯರು ಬಂದು ಬೇಡಿಕೊಂಡು ಹೋಗುತ್ತಾರೆ.

ಪಲ್ಲಕ್ಕಿಗಳು ಊರೊಳಗಿನ ದೇವರ ಬಿಡಾರಕ್ಕೆ ಬಂದು ತಲುಪಿ, ಎಲ್ಲ ಮುಗಿಯುವಷ್ಟರಲ್ಲಿ ನಡುರಾತ್ರಿ.

ಕೇಳುವುದಕ್ಕೆ ಚೆನ್ನಾಗಿದೆ, ಅಲ್ವಾ? ಆದರೆ ಮಂಡಿ ನೋವಿರುವವರಿಗೆ ಎಂಟು ಗಂಟೆಯ ನಂತರದ ಭಾಗ ಬೇಡವೇ ಬೇಡ. ಬೀದಿ ಚಿಕ್ಕದು, ಬರುವವರು ಸಾವಿರಾರು. ಪೊಲೀಸರು ಒಂದೇ ದಿಕ್ಕಿನಲ್ಲಿ ನಡೆಸುತ್ತಾರೆ. ‘ನಿಲ್ಲಬೇಡಿ, ನಡೀತಾ ಇರಿ’ ಎನ್ನುವುದೇ ಅವರ ರಾತ್ರಿಯ ಮಂತ್ರ. ಕೂರಲು ಜಾಗ ಇಲ್ಲ. ಟಿಕೆಟ್ ಕೊಟ್ಟು ಕೂರಿಸುವ ಗ್ಯಾಲರಿಯೂ ಇಲ್ಲ. ಈ ಹಬ್ಬ ನಡೆಸುವವರು ಊರಿನ ಏಳು ‘ನಾಕಾಮಾ’ಗಳು, ಅಂದರೆ ತಲೆತಲಾಂತರದಿಂದ ಬಂದ ಮನೆಗಳ ಗುಂಪುಗಳು. ನಮ್ಮ ಕೂಟಗಳ ಹಾಗೆ ಅನ್ನಿ. ಪ್ರವಾಸಿಗರು ಬರಲಿ ಎಂದು ಅವರು ಇದನ್ನು ಮಾಡುತ್ತಿಲ್ಲ. ಬಂದರೆ ಬೇಡ ಎನ್ನುವುದಿಲ್ಲ, ಅಷ್ಟೆ. ಚೊಪ್ಪೆನ್ ನೋಡಲೇಬೇಕು ಎನ್ನುವ ಹಠವಿದ್ದರೆ ಇನ್ನೊಂದು ವರ್ಷ ನೀವೊಬ್ಬರೇ ಹೋಗಿ.

ಹಾಗಾಗಿ ನನ್ನ ಸಲಹೆ ಇದು. ಮಧ್ಯಾಹ್ನದ ಆ ಇನ್ನೊಂದು ಮೆರವಣಿಗೆ ಜಿದಾಯ್ ಮಾತ್ಸುರಿ. ಹಳೇ ಅರಮನೆಯಿಂದ ಹೆಯಾನ್ ಗುಡಿಯವರೆಗೆ ಕಾಲಕಾಲದ ವೇಷಗಳ ಸಾಲು. ಅಂದವಾಗಿರುತ್ತದೆ, ಆದರೆ ಆ ದಿನಕ್ಕೆ ಅದನ್ನು ಬಿಡಿ. ಎರಡನ್ನೂ ಹಿಡಿಯಲು ಹೋದವರು ಸಂಜೆ ಐದಕ್ಕೆ ರೈಲಿನ ಸಾಲಿನಲ್ಲಿ ನಿಂತು ಎರಡನ್ನೂ ಶಪಿಸುತ್ತಿರುತ್ತಾರೆ. ಅಮ್ಮನಿಗೆ ಬೆಳಿಗ್ಗೆ ವಿಶ್ರಾಂತಿ ಕೊಡಿ. ದೆಮಾಚಿಯಾನಾಗಿ ಸ್ಟೇಷನ್ನಿನಿಂದ ಏಯಿಝಾನ್ ರೈಲು ಹೊರಡುತ್ತದೆ, ಕುರಾಮಾಕ್ಕೆ ಅರ್ಧ ಗಂಟೆ. ಎರಡೇ ಬೋಗಿಯ ಪುಟ್ಟ ರೈಲು. ಮಧ್ಯಾಹ್ನ ಮೂರರ ಒಳಗೆ ಹತ್ತಿಬಿಡಿ. ಆ ಸಂಜೆ ಊರಿನ ರಸ್ತೆಗೆ ವಾಹನ ಬಿಡುವುದಿಲ್ಲ, ಟ್ಯಾಕ್ಸಿಯ ಆಸೆ ಬೇಡ. ಬೆಳಕಿರುವಾಗಲೇ ಬೀದಿಯಲ್ಲಿ ನಿಧಾನಕ್ಕೆ ನಡೆಯಿರಿ. ಮನೆಗಳ ಮುಂದೆ ಒರಗಿಸಿಟ್ಟ ಪಂಜುಗಳನ್ನು ಹತ್ತಿರದಿಂದ ನೋಡಲು ಅದೇ ಸಮಯ. ಬಳ್ಳಿಯ ಗಂಟು ಹೇಗೆ ಹಾಕಿದ್ದಾರೆ ನೋಡಿ, ಒಂದು ಮೊಳೆ ಇಲ್ಲ, ತಂತಿ ಇಲ್ಲ. ಆರಕ್ಕೆ ಕೂಗು ಕೇಳಿ, ಬಾಗಿಲ ಬೆಂಕಿ ನೋಡಿ, ಮಕ್ಕಳ ಪಂಜು ಹೋಗುವುದನ್ನು ನೋಡಿ. ಏಳೂ ಕಾಲಿಗೆ ಸ್ಟೇಷನ್ನಿನ ಕಡೆ ಕಾಲು ಹಾಕಿ. ಆ ಹೊತ್ತಿಗೆ ಬರುವವರೇ ಹೆಚ್ಚು, ವಾಪಸ್ ಹೋಗುವ ರೈಲು ಸಲೀಸಾಗಿ ಸಿಗುತ್ತದೆ. ಒಂಬತ್ತರ ನಂತರದ ಸಾಲಿನ ಉದ್ದ ನಾನು ಹೇಳುವುದಿಲ್ಲ.

ಗುಡಿಗೆ ಇನ್ನೊಂದು ದಿನ ಹೋಗಿ. ಯುಕಿ ಗುಡಿಗೆ ಹೋಗಬೇಕಾದರೆ ದ್ವಾರದಲ್ಲಿ ಚೀಟಿ ಕೊಂಡು ಸ್ವಲ್ಪ ದೂರ ಏರು ಹತ್ತಬೇಕು. ಕೇಬಲ್ ಕಾರ್ ಇದೆಯಲ್ಲ ಎಂದು ತಮ್ಮ ಹೇಳಬಹುದು. ಇದೆ, ದೇವಸ್ಥಾನದವರೇ ನಡೆಸುವ ಪುಟ್ಟ ಗಾಡಿ. ಆದರೆ ಅದು ಯುಕಿ ಗುಡಿಯನ್ನು ತಪ್ಪಿಸಿ ನೇರ ಮೇಲಕ್ಕೆ ಹೋಗಿಬಿಡುತ್ತದೆ! ಯುಕಿ ದೇವರನ್ನು ನೋಡಬೇಕಿದ್ದರೆ ನಡೆಯಲೇಬೇಕು. ಅಮ್ಮ ಕೋಲು ಹಿಡಿದು ಅಲ್ಲಲ್ಲಿ ನಿಂತು ಹತ್ತಿದರೆ ಆದೀತು. ಗುಡಿಯ ಮುಂಭಾಗದ ಮಂಟಪ ತೊಯೊತೊಮಿ ಹಿದೆಯೋರಿ ಎಂಬ ಸಾಮಂತ ದೊರೆ ಕಟ್ಟಿಸಿದ್ದು, ಸುಮಾರು ನಾಲ್ಕು ಶತಮಾನ ಹಳೆಯದು. ಅದರ ನಡುವೆಯೇ ಮೆಟ್ಟಿಲು ತೂರಿಕೊಂಡು ಹೋಗುತ್ತದೆ. ಮಂಟಪವನ್ನು ಎರಡಾಗಿ ಸೀಳಿ ದಾರಿ ಮಾಡಿದ ಹಾಗೆ. ಪಕ್ಕದಲ್ಲಿ ಆಕಾಶಕ್ಕೆ ಹೋದ ಸೀಡರ್ ಮರ.

ಕೈ ಮುಗಿಯುವ ಕ್ರಮ ಗೊತ್ತಿರಲಿ. ತೊಟ್ಟಿಯ ನೀರಿನಲ್ಲಿ ಎಡಗೈ, ಬಲಗೈ, ಬಾಯಿ ತೊಳೆದುಕೊಳ್ಳಿ. ಸೌಟನ್ನು ಬಾಯಿಗಿಡಬೇಡಿ, ನೀರನ್ನು ಅಂಗೈಗೆ ಹಾಕಿಕೊಳ್ಳಿ. ಎಂಜಲಿನ ಲೆಕ್ಕ ಅಮ್ಮನಿಗೆ ಹೇಳಿಕೊಡಬೇಕಿಲ್ಲ. ಐದು ಯೆನ್ ನಾಣ್ಯ ಹಾಕಿ. ಜಪಾನಿಯಲ್ಲಿ ಐದು ಯೆನ್‌ಗೂ ‘ಋಣಾನುಬಂಧ’ಕ್ಕೂ ಒಂದೇ ಉಚ್ಚಾರ, ಗೋ-ಎನ್. ಎರಡು ಸಲ ಬಾಗಿ, ಎರಡು ಚಪ್ಪಾಳೆ, ಮನಸ್ಸಲ್ಲಿ ಬೇಡಿಕೊಂಡು ಇನ್ನೊಂದು ಸಲ ಬಾಗಿ. ಮೇಲಿನ ಬೌದ್ಧ ದೇವಸ್ಥಾನದಲ್ಲಿ ಚಪ್ಪಾಳೆ ಇಲ್ಲ, ಸುಮ್ನೆ ಕೈ ಮುಗಿದರೆ ಸಾಕು. ಹಣ್ಣುಕಾಯಿ ಮಾಡಿಸುವ ಪದ್ಧತಿ ಎರಡೂ ಕಡೆ ಇಲ್ಲ, ತೆಂಗಿನಕಾಯಿ ಹೊತ್ತುಕೊಂಡು ಹೋಗಬೇಡಿ.

ಬಟ್ಟೆಯ ವಿಷಯ ಮರೆಯಬೇಡಿ. ಹತ್ತಿ ಅಥವಾ ಉಣ್ಣೆ ಹಾಕಿಸಿ. ನೈಲಾನ್ ಜಾಕೆಟ್, ಸಿಂಥೆಟಿಕ್ ಸೀರೆ ಬೇಡ. ಕಿಡಿ ಬಿದ್ದರೆ ಕರಗಿ ತೂತಾಗುತ್ತದೆ. ನನ್ನ ಒಂದು ಜಾಕೆಟ್ಟಿನ ತೋಳಿನಲ್ಲಿ ಈಗಲೂ ಸಾಸಿವೆ ಒಗ್ಗರಣೆ ಸಿಡಿದ ಹಾಗೆ ಏಳೆಂಟು ತೂತಿವೆ. ಸೆರಗು ಇಳಿಬಿಡದೆ ಸಿಕ್ಕಿಸಿಕೊಳ್ಳಲಿ, ಚೂಡಿದಾರ್ ಆದರೆ ಇನ್ನೂ ವಾಸಿ. ಬೆಂಕಿ ಇದ್ದರೂ ಬೆನ್ನಿಗೆ ಚಳಿ ಹೊಡೆಯುತ್ತದೆ. ಉಸಿರಾಟದ ತೊಂದರೆ ಇದ್ದರೆ ಈ ಹಬ್ಬವೇ ಬೇಡ, ಕಣಿವೆಯಲ್ಲಿ ಹೊಗೆ ನಿಲ್ಲುತ್ತದೆ.

ಊಟ ಕಟ್ಟಿಕೊಂಡು ಹೋಗಿ. ಸಸ್ಯಾಹಾರಿಗಳಾದರೆ ಅಲ್ಲಿನ ನೂಡಲ್ಸ್ ಸಾರಿನಲ್ಲೂ ಮೀನಿನ ಪುಡಿ ಇರುತ್ತದೆ. ಚಪಾತಿ ಪಲ್ಯ, ಚಿತ್ರಾನ್ನ ಯಾವುದಾದರೂ ಸರಿ. ಊರಿನ ಅಂಗಡಿಗಳಲ್ಲಿ ‘ಕಿನೊಮೆ’ ಎಂದು ಒಂದು ವ್ಯಂಜನ ಮಾರುತ್ತಾರೆ. ಕಡಲಪಾಚಿಯನ್ನು ಸಾನ್ಶೋ ಎಂಬ ಕಾಡುಮೆಣಸಿನಂಥ ಕಾಳಿನ ಜೊತೆ ಸೋಯಾ ರಸದಲ್ಲಿ ಬೇಯಿಸಿದ್ದು. ಮೀನಿಲ್ಲ ಎಂದು ಕೇಳಿ ಖಾತ್ರಿ ಮಾಡಿಕೊಂಡು ಒಂದು ಪೊಟ್ಟಣ ತನ್ನಿ. ಮೊಸರನ್ನಕ್ಕೆ ನೆಂಚಿಕೊಂಡರೆ ನಾಲಿಗೆ ಜುಮ್ಮೆನ್ನುತ್ತದೆ.

ಹೊರಡುವ ಮೊದಲು ಆ ವರ್ಷದ ಸುದ್ದಿಯನ್ನು ತಮ್ಮನ ಕೈಲಿ ಒಮ್ಮೆ ನೋಡಿಸಿ. 2018ರಲ್ಲಿ ಚಂಡಮಾರುತಕ್ಕೆ ಬೆಟ್ಟದ ಮರಗಳು ಉರುಳಿ ಹಬ್ಬವೇ ನಿಂತಿತ್ತು. 2020ರ ಮಳೆಗೆ ಗುಡ್ಡ ಕುಸಿದು ಈ ರೈಲು ದಾರಿ ಒಂದು ವರ್ಷಕ್ಕೂ ಜಾಸ್ತಿ ಮುಚ್ಚಿತ್ತು. ಕೋವಿಡ್ ಕಾಲದಲ್ಲೂ ಹಬ್ಬ ನಿಂತಿತ್ತು.

ವಾಪಸ್ ಬರುವ ರೈಲಿನಲ್ಲಿ ಇಡೀ ಬೋಗಿ ಸೌದೆ ಒಲೆಯ ಅಡುಗೆಮನೆಯ ಹಾಗೆ ನಾರುತ್ತಿರುತ್ತದೆ. ಯಾರೂ ಮೂಗು ಮುಚ್ಚಿಕೊಳ್ಳುವುದಿಲ್ಲ, ಎಲ್ಲರ ಮೈಮೇಲೂ ಅದೇ ವಾಸನೆ. ತಮ್ಮನ ಮನೆ ತಲುಪಿದ ಮೇಲೆ ಆ ಬಟ್ಟೆಗಳನ್ನು ಬೀರುವಿನೊಳಗೆ ಮಾತ್ರ ಇಡಬೇಡಿ.